ಬೆಂಕಿ ಆರಿದ ಮೇಲೆ: ಹಳೆಯ ಊರಿನ ಸುಟ್ಟ ಮನೆಯನ್ನು ಮತ್ತೆ ಎತ್ತಿ ನಿಲ್ಲಿಸುವ ಕ್ರಮ

ಬೆಂಕಿ ಆರಿತು ಅಂದ ಕ್ಷಣದಿಂದಲೇ ಮನೆಗೆ ಎರಡನೆಯ ಹಾನಿ ಶುರುವಾಗುತ್ತದೆ. ಜ್ವಾಲೆ ತಲುಪದ ಕೋಣೆಯಲ್ಲೂ ಮಸಿ ಕೂತಿರುತ್ತದೆ. ಆ ಮಸಿಯಲ್ಲಿ ಆಮ್ಲ ಇರುತ್ತದೆ, ಆರಿಸಲು ಸುರಿದ ನೀರು ಗೋಡೆಯೊಳಕ್ಕೆ ಇಳಿದಿರುತ್ತದೆ, ಬೂಷ್ಟು 24ರಿಂದ 48 ಗಂಟೆಯಲ್ಲೇ ತಲೆ ಎತ್ತಬಲ್ಲದು. ಇಷ್ಟರ ನಡುವೆ ಮನೆಯವರು ಗಾಬರಿಯಿಂದ ಒದ್ದೆ ಬಟ್ಟೆ ಹಿಡಿದು ಗೋಡೆ ಒರೆಸಲು ಹೊರಡುತ್ತಾರೆ. ಉಳಿಯಬಹುದಾಗಿದ್ದ ಗೋಡೆ ಕೆಡುವುದು ಅಲ್ಲೇ. ಸುಟ್ಟ ಮನೆಯ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಕ್ರಮ: ಮೊದಲು ಆಸರೆ, ಆಮೇಲೆ ದಾಖಲೆ, ಆಮೇಲೆ ಒಣ ಶುಚಿ, ಅದಾದ ಮೇಲಷ್ಟೇ ನೀರು, ಕೊನೆಗೆ ಬಣ್ಣ. ಹಳೆಯ ಊರಿನ ಹಳೆಯ ಮನೆಯಾದರೆ ಇದಕ್ಕೆ ಇನ್ನೊಂದು ಹೆಜ್ಜೆ ಸೇರುತ್ತದೆ. ಆ ಮನೆ ಯಾವ ಕಾಲದ್ದು, ಯಾವುದರಿಂದ ಕಟ್ಟಿದ್ದು ಎಂದು ತಿಳಿಯದೆ ಅದನ್ನು ಮುಟ್ಟಬಾರದು.

ಒಳಗೆ ಕಾಲಿಡುವ ಮುನ್ನ

ಅಗ್ನಿಶಾಮಕ ದಳದವರು ಒಪ್ಪಿಗೆ ಕೊಡುವ ತನಕ ಒಳಗೆ ಹೋಗಬೇಡಿ. ಹಾಸಿಗೆಯ ಹತ್ತಿ, ಅಟ್ಟದ ಕಸ, ತೊಲೆಯ ಸಂದಿ, ಇವುಗಳಲ್ಲಿ ಕೆಂಡ ಗಂಟೆಗಟ್ಟಲೆ ಅಡಗಿದ್ದು ಮತ್ತೆ ಹೊತ್ತಿಕೊಳ್ಳುತ್ತದೆ. ವಿದ್ಯುತ್ತನ್ನು ಮೀಟರಿನಾಚೆ, ಸರಬರಾಜಿನ ಕಡೆಯಿಂದಲೇ ಕಡಿಸಬೇಕು. ಮನೆಯೊಳಗಿನ ಸ್ವಿಚ್ಚು ಆರಿಸಿದರೆ ಸಾಲದು. ಅನಿಲ ಸಂಪರ್ಕಕ್ಕೂ ಇದೇ ಮಾತು. ಬಿಸಿ ತಾಗಿದ ಸಿಲಿಂಡರ್, ರೆಗ್ಯುಲೇಟರ್, ರಬ್ಬರ್ ಕೊಳವೆ ಮರುಬಳಕೆಗೆ ಬರುವುದಿಲ್ಲ. ನೋಡಲು ಚೆನ್ನಾಗಿದ್ದರೂ ಬರುವುದಿಲ್ಲ.

ಧೂಳಿನ ಮುಖಗವಸು ತೊಟ್ಟರೆ ಸಾಕು ಅನ್ನುವುದು ದೊಡ್ಡ ತಪ್ಪು ತಿಳಿವಳಿಕೆ. ಎನ್95 ಗವಸು ಮಸಿಯ ಕಣ ತಡೆಯುತ್ತದೆ, ಅನಿಲವನ್ನು ತಡೆಯುವುದಿಲ್ಲ. ಫೋಮು, ಉಣ್ಣೆ, ನೈಲಾನ್ ಉರಿದರೆ ಹೈಡ್ರೋಜನ್ ಸಯನೈಡ್ ಹೊರಬೀಳುತ್ತದೆ. ಪಿವಿಸಿ ಉರಿದರೆ ಹೈಡ್ರೋಜನ್ ಕ್ಲೋರೈಡ್. ಮನೆಗೆ ಚೆನ್ನಾಗಿ ಗಾಳಿ ಆಡಿದ ಮೇಲೆ, ಅತಿ ಸಣ್ಣ ಕಣವನ್ನೂ ತಡೆಯುವ ಪಿ100 ಶೋಧಕದ ಜೊತೆ ಸಾವಯವ ಆವಿ ಮತ್ತು ಆಮ್ಲ ಅನಿಲ ಹೀರುವ ಕಾರ್ಟ್ರಿಡ್ಜ್ ಇರುವ ಅರ್ಧಮುಖದ ಉಸಿರಾಟದ ಗವಸು ತೊಟ್ಟು ಹೋಗಿ. ನೈಟ್ರೈಲ್ ಕೈಗವಸು, ಮೊಳೆ ಚುಚ್ಚದ ಅಟ್ಟೆಯ ಬೂಟು, ಕಣ್ಣಿಗೆ ಮುಚ್ಚುಗನ್ನಡಕ ಬೇಕೇಬೇಕು. ಆ ಬಟ್ಟೆಯನ್ನು ಉಳಿದ ಬಟ್ಟೆಯ ಜೊತೆ ಒಗೆಯಬೇಡಿ.

ಮಾಡಿಗೆ ಆಸ್ಬೆಸ್ಟಾಸ್ ಸಿಮೆಂಟು ಶೀಟು ಹೊದಿಸಿದ್ದರೆ ಎಚ್ಚರ ಇನ್ನೂ ಹೆಚ್ಚು ಬೇಕು. ಬಿಸಿಗೆ ಆ ಶೀಟು ಪಟಾಕಿಯಂತೆ ಸಿಡಿದು ಚೂರು ಸುತ್ತೆಲ್ಲ ಹರಡುತ್ತದೆ. ಅದನ್ನು ಒಣಗಿದ್ದಾಗ ಗುಡಿಸಬಾರದು, ಮುರಿಯಬಾರದು. ನೀರು ಚಿಮುಕಿಸಿ ಒದ್ದೆಯಾಗಿಟ್ಟು, ಅದರ ಕೆಲಸ ಬಲ್ಲವರಿಂದಲೇ ತೆಗೆಸಬೇಕು.

ಕಬ್ಬಿಣದ ತಿಜೋರಿ ಕಂಡ ಕೂಡಲೇ ತೆರೆಯುವ ಆಸೆ ಸಹಜ. ಆದರೆ ಒಳಗಿನ ಕಾಗದ ಉರಿಯುವ ಉಷ್ಣತೆಯಲ್ಲೇ ಇದ್ದು, ಆಮ್ಲಜನಕವಿಲ್ಲದ ಕಾರಣಕ್ಕೆ ಮಾತ್ರ ಉಳಿದಿರಬಹುದು. ಬಾಗಿಲು ತೆರೆದೊಡನೆ ಗಾಳಿ ನುಗ್ಗಿ ಎಲ್ಲ ಧಗ್ಗನೆ ಹತ್ತಿಕೊಳ್ಳುತ್ತದೆ. ಹೊರಮೈ ಪೂರ್ತಿ ತಣ್ಣಗಾದ ಮೇಲೂ ಒಂದು ದಿನ ಬಿಟ್ಟು ತೆರೆಯಿರಿ.

ಬಿಸಿ, ಹೊಗೆ, ನೀರು ತಾಗಿದ ಆಹಾರ, ಔಷಧಿ, ಮೈಗೆ ಹಚ್ಚುವ ಪದಾರ್ಥ ಎಲ್ಲವನ್ನೂ ಎಸೆಯಬೇಕು, ಮುಚ್ಚಳ ಬಿಗಿಯಾಗಿದ್ದರೂ. ಆದರೆ ಎಸೆಯುವ ಮುನ್ನ ಪಟ್ಟಿ ಮಾಡಿ, ಚಿತ್ರ ತೆಗೆಯಿರಿ.

ದಾಖಲೆ

ವಿಮೆ ಇದ್ದರೂ ಇಲ್ಲದಿದ್ದರೂ ಈ ಕೆಲಸ ಬಿಡುವಂತಿಲ್ಲ. ಪ್ರತಿ ಕೋಣೆಯ ಬಾಗಿಲಲ್ಲಿ ನಿಂತು ಎಡಗಡೆಯಿಂದ ಸುತ್ತುಹಾಕುತ್ತಾ ನಾಲ್ಕೂ ಗೋಡೆ, ನೆಲ, ಚಾವಣಿಯ ಚಿತ್ರ ತೆಗೆಯಿರಿ. ಮಸಿಯ ಗೆರೆ ಗೋಡೆಯ ಮೇಲೆ ಎಷ್ಟು ಎತ್ತರಕ್ಕಿದೆ ಎನ್ನುವುದನ್ನು ಅಳತೆಪಟ್ಟಿ ಹಿಡಿದು ತೆಗೆಯಿರಿ. ಬಿಸಿ ಹೊಗೆ ಎಲ್ಲಿಯವರೆಗೆ ಇಳಿದಿತ್ತು ಎಂದು ಆ ಗೆರೆಯೇ ಹೇಳುತ್ತದೆ. ವಿಮೆಯ ಪರಿಶೀಲಕರು ನೋಡುವ ಮುನ್ನ ಏನನ್ನೂ ಸಾಗಿಸಬೇಡಿ. ಆದರೆ ಮಳೆ ಒಳಬೀಳದಂತೆ ಮಾಡು ಮುಚ್ಚುವುದು, ನಿಂತ ನೀರು ಎತ್ತಿಹಾಕುವುದು ನಿಮ್ಮ ಹೊಣೆ. ಇವಕ್ಕೆ ಕಾಯಬೇಕಾಗಿಲ್ಲ, ಕಾದು ಹಾನಿ ಹೆಚ್ಚಾದರೆ ಆ ಭಾಗಕ್ಕೆ ಪರಿಹಾರ ನಿರಾಕರಿಸುವ ಸಾಧ್ಯತೆ ಉಂಟು. ಖರ್ಚಿನ ರಸೀದಿ ಇಟ್ಟುಕೊಳ್ಳಿ.

ಮೊದಲ ಎರಡು ದಿನ

ಈ ಎರಡು ದಿನದಲ್ಲಿ ಎರಡು ಕೆಲಸ ಒಂದಕ್ಕೊಂದು ಅಡ್ಡ ಬರುತ್ತವೆ, ಹೆಚ್ಚಿನವರು ಎಡವುವುದೂ ಇಲ್ಲೇ. ಮನೆ ಬೇಗ ಒಣಗಬೇಕು, ಅದಕ್ಕೆ ಗಾಳಿ ಬೀಸಬೇಕು. ಆದರೆ ಮಸಿ ಸಡಿಲವಾಗಿ ಕೂತಿರುವ ಕೋಣೆಯಲ್ಲಿ ಫ್ಯಾನ್ ಹಾಕಿದರೆ ಆ ಮಸಿ ಎದ್ದು, ಚೊಕ್ಕವಾಗಿದ್ದ ಕೋಣೆಗೂ ಹೋಗಿ ಕೂರುತ್ತದೆ. ಆದ್ದರಿಂದ ನೀರು ತೆಗೆದ ಕೂಡಲೇ ಹೆಪಾ ಶೋಧಕದ ವ್ಯಾಕ್ಯೂಮ್‌ನಿಂದ ಸಡಿಲ ಮಸಿ ಎಳೆದುಹಾಕಿ, ಆಮೇಲೆ ಗಾಳಿ ಬೀಸಿ. ಅಲ್ಲಿಯ ತನಕ ತೇವ ಹೀರುವ ಯಂತ್ರ ಮಾತ್ರ ನಡೆಯಲಿ. ಹೆಪಾ ಶೋಧಕ 0.3 ಮೈಕ್ರಾನ್ ಕಣಗಳಲ್ಲಿ ನೂರಕ್ಕೆ 99.97 ಹಿಡಿಯುತ್ತದೆ. ಮಸಿಯ ಬಹುಪಾಲು ಕಣ 2.5 ಮೈಕ್ರಾನಿಗಿಂತ ಸಣ್ಣವು, ಹಾಗಾಗಿ ಮನೆಬಳಕೆಯ ಸಾಮಾನ್ಯ ವ್ಯಾಕ್ಯೂಮ್ ಅದನ್ನು ಒಂದು ಕಡೆ ಹೀರಿ ಇನ್ನೊಂದು ಕಡೆಯಿಂದ ಊದುತ್ತದೆ. ಬ್ರಷ್ ತುದಿ ಹಾಕಿ, ತುದಿ ಗೋಡೆಗೆ ಉಜ್ಜದಂತೆ ಕೂದಲೆಳೆ ದೂರ ಹಿಡಿದು ಎಳೆಯಬೇಕು. ಹವಾನಿಯಂತ್ರಣ ಯಂತ್ರ ಚಾಲೂ ಮಾಡಲೇಬೇಡಿ. ಅದರ ಕೊಳವೆ ಶುಚಿಯಾಗುವ ತನಕ ಅದು ಮಸಿ ಹಂಚುವ ಯಂತ್ರ.

ಲೋಹಕ್ಕೆ ಸಮಯ ಅತಿ ಕಡಿಮೆ. ಪಿವಿಸಿ ತಂತಿ, ಕೊಳವೆ ಉರಿದ ಮನೆಯಲ್ಲಿ ಕ್ಲೋರೈಡ್ ಎಲ್ಲ ಲೋಹದ ಮೇಲೂ ಕೂತಿರುತ್ತದೆ. ಗಾಳಿಯ ತೇವದೊಡನೆ ಸೇರಿ ಕೆಲವೇ ದಿನದಲ್ಲಿ ನಲ್ಲಿ, ತಿರುಗಣಿ, ಬೀಗ, ಹಿತ್ತಾಳೆ ಹಿಡಿ ಚುಕ್ಕೆಚುಕ್ಕೆಯಾಗಿ ತುಕ್ಕು, ಕಿಲುಬು ಹಿಡಿಯುತ್ತವೆ. ಒಳಗಿನ ಸಾಪೇಕ್ಷ ತೇವಾಂಶ ನೂರಕ್ಕೆ 40ರ ಆಸುಪಾಸಿಗೆ ಇಳಿಸಿದರೆ ಈ ಕ್ರಿಯೆ ಬಹಳ ನಿಧಾನವಾಗುತ್ತದೆ. ಲೋಹವನ್ನು ಒಣಬಟ್ಟೆಯಲ್ಲಿ ಒರೆಸಿ ಮೇಲೆ ತೆಳ್ಳಗೆ ಯಂತ್ರದೆಣ್ಣೆ ಸವರಿಡಿ. ಬೆಂಕಿ ಆರಿಸಲು ಪುಡಿಯ ನಂದಕ ಬಳಸಿದ್ದರೆ ಆ ಹಳದಿ ಪುಡಿಯನ್ನೂ ಒಣಗಿದ್ದಾಗಲೇ ಎಳೆದು ತೆಗೆಯಿರಿ. ಅದರಲ್ಲಿನ ಮಾನೋಅಮೋನಿಯಂ ಫಾಸ್ಫೇಟ್ ತೇವ ತಾಗಿದರೆ ಲೋಹವನ್ನು ತಿನ್ನುತ್ತದೆ.

ಹಳೆಯ ಮರಕ್ಕೆ ಬಿಸಿಗಾಳಿ ಊದಬೇಡಿ. ಬೇಗ ಒಣಗಲಿ ಎಂದು ಹೀಟರ್ ಇಟ್ಟರೆ ಹಲಗೆ ಸೊಟ್ಟಗಾಗುತ್ತದೆ, ಬಾಗಿಲಿನ ಕುಸುರಿ ಸೀಳುತ್ತದೆ. ತಣ್ಣನೆಯ ಒಣಗಾಳಿಯೇ ಸರಿ. ದಿನಕ್ಕೊಂದು ಸಲ ತೇವಮಾಪಕ ಚುಚ್ಚಿ ಅಂಕಿ ಬರೆದಿಡಿ.

ಊರಿನ ಚರಿತ್ರೆ ಓದುವುದು ಯಾಕೆ

ಬೆಂಕಿ ಎಷ್ಟೋ ಊರುಗಳ ರೂಪವನ್ನೇ ತೀರ್ಮಾನಿಸಿದೆ. 1666ರ ಬೆಂಕಿಯ ಮರುವರ್ಷ ಲಂಡನ್ನಿನಲ್ಲಿ ಹೊರಗೋಡೆ ಇಟ್ಟಿಗೆ ಅಥವಾ ಕಲ್ಲಿನದೇ ಆಗಬೇಕೆಂದು ಕಾನೂನು ಬಂತು. ನಾರ್ವೆಯ ಓಲೆಸುಂಡ್ ಎಂಬ ಸಣ್ಣ ಬಂದರೂರು 1904ರ ಜನವರಿ 23ರ ರಾತ್ರಿ ಸುಟ್ಟುಹೋಯಿತು. ಮುಂದಿನ ಮೂರು ನಾಲ್ಕು ವರ್ಷದಲ್ಲೇ ಅದರ ನಡುಭಾಗ ಇಟ್ಟಿಗೆ ಕಲ್ಲಿನಲ್ಲಿ, ಬಳ್ಳಿ, ಹೂವಿನ ಅಲಂಕಾರದ ಆ ಕಾಲದ ಯೂಗೆಂಡ್ ಶೈಲಿಯಲ್ಲಿ ಎದ್ದು ನಿಂತಿತು. ಹೀಗೆ ಒಂದು ಊರು ಯಾವ ವರ್ಷ ಉರಿಯಿತು ಎಂದು ತಿಳಿದರೆ ಆ ಬೀದಿಯ ಮನೆಗಳು ಯಾವ ಕಾಲದವು, ಗೋಡೆಯೊಳಗೆ ಏನಿದೆ ಎಂದು ಅರ್ಧ ಊಹಿಸಿದ ಹಾಗೆ.

ಊಹೆಯನ್ನು ಕಾಗದದಿಂದ ಗಟ್ಟಿಮಾಡಿಕೊಳ್ಳಬಹುದು. ಅಮೆರಿಕದಲ್ಲಿ ಸ್ಯಾನ್‌ಬಾರ್ನ್ ಸಂಸ್ಥೆ 1867ರಿಂದ ಅಗ್ನಿವಿಮೆಗಾಗಿ ಸುಮಾರು 12,000 ಊರುಗಳ ನಕ್ಷೆ ತಯಾರಿಸಿತು. ಒಂದು ಅಂಗುಲಕ್ಕೆ 50 ಅಡಿಯ ಅಳತೆ. ಹಳದಿ ಬಣ್ಣವೆಂದರೆ ಮರದ ಕಟ್ಟಡ, ಗುಲಾಬಿ ಅಂದರೆ ಇಟ್ಟಿಗೆ, ನೀಲಿ ಅಂದರೆ ಕಲ್ಲು. ಎಷ್ಟು ಅಂತಸ್ತು, ಯಾವ ಮಾಡು ಎನ್ನುವುದೂ ಅದರಲ್ಲಿದೆ. ಬ್ರಿಟನ್ ಮತ್ತು ಕೆನಡಾದ ಊರುಗಳಿಗೆ ಇದೇ ಬಗೆಯ ಗೋಡ್ ಸಂಸ್ಥೆಯ ಅಗ್ನಿವಿಮೆ ನಕ್ಷೆಗಳಿವೆ. ಬೇರೆಡೆ ಕಂದಾಯ ದಾಖಲೆ, ನೋಂದಣಿ ಪತ್ರ, ಮನೆ ಕಟ್ಟುವ ಪರವಾನಗಿ, ಹಳೆಯ ಬೀದಿ ಚಿತ್ರ, ಮದುವೆ ಚಿತ್ರದ ಹಿಂಬದಿಗೆ ಸಿಕ್ಕ ಜಗಲಿ, ಇವೇ ನಕ್ಷೆ. ಸುಟ್ಟುಹೋದ ಕಂಬದ ಬೋದಿಗೆ ಹೇಗಿತ್ತು ಎಂದು ಗೊತ್ತಾಗುವುದು ಬಹಳ ಸಲ ಇಂಥ ಚಿತ್ರದಿಂದಲೇ.

ಕಾಲ ತಿಳಿದರೆ ಏನು ಲಾಭ? ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ. ಸಣ್ಣ ಊರುಗಳ ಗೋಡೆಗೆ ಅದು ಬಂದದ್ದು ಇನ್ನೂ ಬಹಳ ತಡವಾಗಿ. ಅದಕ್ಕೆ ಮುಂಚಿನ ಗೋಡೆ ಸುಣ್ಣದ ಗಾರೆಯದು ಅಥವಾ ಮಣ್ಣಿನದು. ಅದಕ್ಕೆ ಸಿಮೆಂಟು ಮೆತ್ತಿದರೆ ತೇವ ಹೊರಬರಲಾಗದೆ ಒಳಗೇ ಕೊಳೆಯುತ್ತದೆ. ಹಳೆಯ ಎಣ್ಣೆಬಣ್ಣದಲ್ಲಿ ಸೀಸ ಇದ್ದಿರಬಹುದು, ಹಾಗಿದ್ದರೆ ಈಗ ಅದು ಬೂದಿಯಲ್ಲಿದೆ. ಒಣ ಉಪ್ಪುಕಾಗದ ಹಾಕಿ ಉಜ್ಜುವ ಮುನ್ನ ಪರೀಕ್ಷೆ ಮಾಡಿಸಬೇಕು.

ಬೂದಿಯನ್ನು ಹಾಗೇ ಲಾರಿಗೆ ತುಂಬಬೇಡಿ. ಇಂಗ್ಲೆಂಡಿನ ಅಪ್‌ಪಾರ್ಕ್ ಎಂಬ ಮನೆ 1989ರ ಆಗಸ್ಟ್ 30ರಂದು ಸುಟ್ಟಾಗ ಅವಶೇಷವನ್ನು ಡಬ್ಬಗಳಲ್ಲಿ ಕೋಣೆವಾರು ತುಂಬಿ, ಗುರುತು ಹಚ್ಚಿ, ಜರಡಿ ಹಿಡಿದರು. ಸಿಕ್ಕ ಗಾರೆಚೂರು, ಮರದ ಕೆತ್ತನೆ, ಲೋಹದ ತುಣುಕನ್ನೇ ಮಾದರಿ ಮಾಡಿ ಮನೆಯನ್ನು ಮತ್ತೆ ಕಟ್ಟಿ, 1995ರಲ್ಲಿ ಜನರಿಗೆ ತೆರೆದರು. ಸಣ್ಣ ಮನೆಗೂ ಇದೇ ವಿಧಾನ ಒಪ್ಪುತ್ತದೆ: ನೆಲವನ್ನು ಒಂದೊಂದು ಮೀಟರಿನ ಚೌಕವಾಗಿ ದಾರ ಕಟ್ಟಿ, ಚೌಕಕ್ಕೊಂದು ಡಬ್ಬ, ಡಬ್ಬಕ್ಕೊಂದು ಸಂಖ್ಯೆ. ತಿರುಗಣಿ, ಚಿಲಕ, ಕುಸುರಿಯ ತುದಿ, ನೆಲಹಾಸಿನ ಒಂದೇ ಒಂದು ಪೂರ್ತಿ ಬಿಲ್ಲೆ ಸಿಕ್ಕರೂ ಅದೇ ಅಚ್ಚು.

ಬಿಸಿ ಎಷ್ಟಿತ್ತು ಎಂದು ಅವಶೇಷವೇ ಹೇಳುತ್ತದೆ

ಏನು ಉಳಿಸಬೇಕು, ಏನು ಕೆಡವಬೇಕು ಎನ್ನುವ ಮಾತು ಉಷ್ಣತೆಯ ಮೇಲೆ ನಿಂತಿದೆ. ಅದನ್ನು ಅಳೆಯಲು ಕೋಣೆಯಲ್ಲೇ ಸಾಕ್ಷಿಗಳಿರುತ್ತವೆ. ಪಿವಿಸಿ ಸುಮಾರು 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗುತ್ತದೆ. ಸೀಸ 327ಕ್ಕೆ, ಸತು 420ಕ್ಕೆ, ಅಲ್ಯುಮಿನಿಯಂ 660ಕ್ಕೆ, ತಾಮ್ರ 1085ಕ್ಕೆ ಕರಗುತ್ತವೆ. ಕಿಟಕಿಯ ಅಲ್ಯುಮಿನಿಯಂ ಹನಿಹನಿಯಾಗಿ ನೆಲಕ್ಕೆ ಬಿದ್ದು ತಾಮ್ರದ ತಂತಿ ಹಾಗೇ ಉಳಿದಿದ್ದರೆ ಅಲ್ಲಿ ಬಿಸಿ 660 ದಾಟಿತ್ತು, 1085 ಮುಟ್ಟಿರಲಿಲ್ಲ. ಪ್ಲಾಸ್ಟಿಕ್ ಸ್ವಿಚ್ಚು ಮಾತ್ರ ಜೋತುಬಿದ್ದಿದ್ದರೆ ಗೋಡೆಗೆ ಭಯವಿಲ್ಲ. ಪ್ರತಿ ಕೋಣೆಯ ಚಾವಣಿ ಎತ್ತರ, ಎದೆ ಎತ್ತರ, ನೆಲ, ಮೂರಕ್ಕೂ ಬೇರೆ ಬೇರೆ ಗುರುತು ಬರೆದುಕೊಳ್ಳಿ. ಚಾವಣಿಯ ಬಿಸಿ ನೆಲದ ಬಿಸಿಗಿಂತ ನೂರಾರು ಡಿಗ್ರಿ ಹೆಚ್ಚಿರುತ್ತದೆ.

ಕಾಂಕ್ರೀಟು ಬಣ್ಣದಲ್ಲಿ ಮಾತಾಡುತ್ತದೆ. 300 ಡಿಗ್ರಿ ದಾಟಿದರೆ ಜಲ್ಲಿಯಲ್ಲಿ ಕಬ್ಬಿಣದ ಅಂಶವಿರುವ ಕಾಂಕ್ರೀಟು ಗುಲಾಬಿ ಛಾಯೆಗೆ ತಿರುಗುತ್ತದೆ. 600ರ ಮೇಲೆ ಬಿಳಿಚು ಬೂದು. ಗುಲಾಬಿ ಬಂದ ಆಳದವರೆಗಿನ ಕಾಂಕ್ರೀಟನ್ನು ನಂಬಬೇಡಿ, ಉಳಿಯಿಂದ ಚಕ್ಕೆ ತೆಗೆದು ಆ ಆಳ ಅಳೆಯಿರಿ. ಎಲ್ಲ ಜಲ್ಲಿಯೂ ಬಣ್ಣ ತಿರುಗುವುದಿಲ್ಲ, ಹಾಗಾಗಿ ಬಣ್ಣವಿಲ್ಲ ಎಂದು ನಿಶ್ಚಿಂತರಾಗಬಾರದು. ಸುತ್ತಿಗೆಯಿಂದ ಬಡಿದರೆ ಟೊಳ್ಳು ಸದ್ದು ಬರುವಲ್ಲಿ ಪದರ ಬಿಟ್ಟಿದೆ. ಸರಳು ಹೊರಗೆ ಕಾಣುವಷ್ಟು ಸಿಡಿದಿದ್ದರೆ, ತಾರಸಿ ಬಾಗಿದ್ದರೆ, ತೀರ್ಮಾನ ರಚನಾ ಇಂಜಿನಿಯರಿನದು. ಕಾಂಕ್ರೀಟಿನ ತುಂಡು ಕೊರೆದು ತೆಗೆದು ಪರೀಕ್ಷಿಸದೆ ಪ್ಲಾಸ್ಟರ್ ಮುಚ್ಚಲು ಯಾರಾದರೂ ಹೇಳಿದರೆ ಒಪ್ಪಬೇಡಿ.

ಉಕ್ಕಿನ ತೊಲೆ ತಣ್ಣಗಾದ ಮೇಲೂ ನೇರವಾಗಿಯೇ ಇದ್ದರೆ ಸಾಮಾನ್ಯವಾಗಿ ಉಳಿಯುತ್ತದೆ. ಅಪಾಯ ಅದರ ತುದಿಯಲ್ಲಿ. 6 ಮೀಟರಿನ ತೊಲೆ 500 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 36 ಮಿಲಿಮೀಟರು ಉದ್ದವಾಗುತ್ತದೆ, ಹಾಗೆ ಉದ್ದವಾಗುವಾಗ ಎರಡೂ ಬದಿಯ ಗೋಡೆಯನ್ನು ಹೊರಕ್ಕೆ ತಳ್ಳಿ, ಆರಿದ ಮೇಲೆ ತಾನು ಹಿಂದೆ ಸರಿಯುತ್ತದೆ. ತೊಲೆ ನೋಡಿ ಸಮಾಧಾನಪಡಬೇಡಿ. ಅದು ಕೂತ ಗೋಡೆಗೆ ತೂಗುಗುಂಡು ಬಿಟ್ಟು ನೋಡಿ.

ಸುಟ್ಟ ಇಟ್ಟಿಗೆ ಗೂಡಿನಲ್ಲಿ ಒಂದು ಸಲ ಉರಿ ಕಂಡದ್ದೇ, ಮನೆಯ ಬೆಂಕಿಗೆ ಅದು ಸುಲಭಕ್ಕೆ ಸೋಲದು. ಸೋಲುವುದು ಸಂದಿನ ಗಾರೆ. ಸ್ಕ್ರೂಡ್ರೈವರಿನಿಂದ ಕೆದಕಿ ಎಷ್ಟು ಆಳ ಪುಡಿಯಾಗುತ್ತದೆಯೋ ಅಷ್ಟು ಕೆರೆದು ಮತ್ತೆ ತುಂಬಬೇಕು. ಸುಣ್ಣದ ಪ್ಲಾಸ್ಟರಿನಲ್ಲಿ ಒಂದು ಮೋಸವಿದೆ: ಸುಮಾರು 800 ಡಿಗ್ರಿ ದಾಟಿ ಕಾದ ಸುಣ್ಣ ಮತ್ತೆ ಸುಟ್ಟ ಸುಣ್ಣವಾಗಿಬಿಡುತ್ತದೆ, ವಾರಗಳ ಮೇಲೆ ಗಾಳಿಯ ತೇವ ಕುಡಿದು ಅರಳಿ ಉದುರುತ್ತದೆ. ಇವತ್ತು ಗಟ್ಟಿ ಕಂಡ ಗೋಡೆಯನ್ನು ತಿಂಗಳ ಮೇಲೆ ಮತ್ತೆ ತಟ್ಟಿ ನೋಡುವುದು ಅದಕ್ಕೇ. ಗ್ರಾನೈಟಿನಲ್ಲಿರುವ ಸ್ಫಟಿಕ 573 ಡಿಗ್ರಿಯಲ್ಲಿ ಏಕಾಏಕಿ ಹಿಗ್ಗುತ್ತದೆ. ಮೇಲಿಂದ ತಣ್ಣೀರು ಬಿದ್ದರೆ ಕಲ್ಲು ಈರುಳ್ಳಿ ಸಿಪ್ಪೆಯಂತೆ ಪದರ ಬಿಡುತ್ತದೆ. ಜಿಪ್ಸಂ ಹಲಗೆ ಮೆತ್ತಗಾಗಿದ್ದರೆ ಬದಲಿಸಿ, ಅದಕ್ಕೆ ರಿಪೇರಿ ಇಲ್ಲ.

ಮರದ ಲೆಕ್ಕ ವಿವರವಾಗಿ ಹೇಳಬೇಕು, ಯಾಕೆಂದರೆ ಕರಕಲಾದ ತೊಲೆಯನ್ನು ಹೆದರಿ ಎಸೆಯುವವರೂ ಇದ್ದಾರೆ, ಧೈರ್ಯ ಮಾಡಿ ಬಣ್ಣ ಬಳಿಯುವವರೂ ಇದ್ದಾರೆ. ಮರ ಸುಮಾರು 300 ಡಿಗ್ರಿಯಲ್ಲಿ ಇದ್ದಿಲಾಗುತ್ತದೆ. ಮೆದುಮರ ನಿಮಿಷಕ್ಕೆ ಹೆಚ್ಚುಕಡಿಮೆ 0.65 ಮಿ.ಮೀ.ನಂತೆ, ಗಟ್ಟಿಮರ 0.5ರಿಂದ 0.55ರಂತೆ ಒಳಕ್ಕೆ ಕರಕಲಾಗುತ್ತದೆ. ಅರ್ಧ ಗಂಟೆ ಉರಿದ ಮೆದುಮರದ ತೊಲೆ ಒಂದು ಬದಿಗೆ 20 ಮಿ.ಮೀ. ಕಳೆದುಕೊಂಡಿರುತ್ತದೆ. ಇದ್ದಿಲನ್ನು ಪೂರ್ತಿ ಕೆರೆದು, ಉಳಿದ ಗಟ್ಟಿಮೈ ಅಳೆದು, ಪ್ರತಿ ಸುಟ್ಟ ಬದಿಯಿಂದ ಇನ್ನೂ 7 ಮಿ.ಮೀ. ಕಳೆಯಿರಿ. ಇದ್ದಿಲಿನ ಕೆಳಗೆ ಬಿಸಿಗೆ ಬಲ ಕಳೆದುಕೊಂಡ ಮರ ಅಷ್ಟಿರುತ್ತದೆ ಎಂದು ಹಿಡಿಯುವುದು ರೂಢಿ. ಈಗ 150 ಮಿ.ಮೀ. ಅಗಲ, 200 ಮಿ.ಮೀ. ಎತ್ತರದ ತೊಲೆ ತಳ ಮತ್ತು ಎರಡು ಪಕ್ಕದಲ್ಲಿ 20 ಮಿ.ಮೀ. ಸುಟ್ಟಿದೆ ಅನ್ನೋಣ. ಲೆಕ್ಕಕ್ಕೆ ಉಳಿಯುವುದು 96 ಅಗಲ, 173 ಎತ್ತರ. ಬಾಗುವಿಕೆ ತಡೆಯುವ ಬಲ ಅಗಲವನ್ನು ಎತ್ತರದ ವರ್ಗದಿಂದ ಗುಣಿಸಿದಷ್ಟು. ಅಂದರೆ ಮೊದಲಿನ ಬಲದ ನೂರಕ್ಕೆ 48. ತೊಲೆಯ ದಪ್ಪ ಕಣ್ಣಿಗೆ ಮುಕ್ಕಾಲು ಪಾಲು ಉಳಿದಂತೆ ಕಾಣುತ್ತದೆ, ಬಲ ಅರ್ಧಕ್ಕೂ ಕಡಿಮೆ. ಹಳೆಯ ಮನೆಗಳಲ್ಲಿ ತೊಲೆಗಳನ್ನು ಬೇಕಾದ್ದಕ್ಕಿಂತ ದಪ್ಪ ಹಾಕಿರುವುದು ಉಂಟು, ಅಂಥಲ್ಲಿ ಈ ಅರ್ಧವೇ ಸಾಕಾಗಿ ಮೂಲ ತೊಲೆ ಉಳಿದೀತು. ಸಾಲದಿದ್ದರೆ ಪಕ್ಕಕ್ಕೆ ಹೊಸ ಮರ ಅಥವಾ ಉಕ್ಕಿನ ಪಟ್ಟಿ ಕೂಡಿಸಬಹುದು. ಗೋಡೆಯೊಳಗೆ ಹೊಕ್ಕ ತುದಿ ಮತ್ತು ಬೋಲ್ಟು, ಕಬ್ಬಿಣದ ಪಟ್ಟಿ ಕೂತ ಜಾಗ ಬೇರೆಯಾಗಿ ನೋಡಬೇಕು. ಲೋಹ ಬಿಸಿಯನ್ನು ಮರದ ಹೊಟ್ಟೆಗೇ ಒಯ್ದಿರುತ್ತದೆ.

ಮಸಿ ತೆಗೆಯುವುದು

ಮಸಿ ಎಲ್ಲ ಒಂದೇ ಅಲ್ಲ. ಕಾಗದ, ಮರ ಗಾಳಿಯಾಡುತ್ತಾ ರಭಸದಿಂದ ಉರಿದರೆ ಒಣ ಪುಡಿಮಸಿ. ಪ್ಲಾಸ್ಟಿಕ್, ರಬ್ಬರ್, ಫೋಮು ಗಾಳಿ ಸಾಲದೆ ಹೊಗೆಯಾಡಿದರೆ ಅಂಟುಮಸಿ, ಮುಟ್ಟಿದರೆ ಬಳಿಯುತ್ತದೆ, ವಾಸನೆ ಘಾಟು. ಅಡುಗೆಮನೆಯಲ್ಲಿ ಆಹಾರ ಸೀದು ಹೊಗೆ ತುಂಬಿದರೆ ಕಣ್ಣಿಗೆ ಕಾಣದ ತೆಳು ಜಿಡ್ಡಿನ ಪದರ. ಗೋಡೆ ಚೊಕ್ಕವಾಗಿದೆ ಅನಿಸುತ್ತದೆ, ಸೀದ ವಾಸನೆ ಮಾತ್ರ ಹೋಗುವುದಿಲ್ಲ, ಬಳಿದ ಬಣ್ಣ ಹಳದಿಗಟ್ಟಿ ಬಿರಿಯುತ್ತದೆ. ಬಿಳಿ ಹತ್ತಿಬಟ್ಟೆಯಿಂದ ಒಂದೇ ಸಲ ಒರೆಸಿ ಮೂಸಿ ನೋಡಿ, ಯಾವುದು ಎಂದು ಗೊತ್ತಾಗುತ್ತದೆ.

ಪುಡಿಮಸಿಗೆ ನೀರು ತಾಗಿಸಿದರೆ ಅದು ಶಾಯಿಯಾಗಿ ಗೋಡೆಯ ರಂಧ್ರಕ್ಕೆ ಇಳಿಯುತ್ತದೆ, ಆಮೇಲೆ ಯಾವ ಸೋಪಿಗೂ ಬಗ್ಗುವುದಿಲ್ಲ. ಆದ್ದರಿಂದ ವ್ಯಾಕ್ಯೂಮ್ ಆದ ಮೇಲೆ ಒಣ ರಬ್ಬರ್ ಸ್ಪಂಜು. ಇದು ಪಾತ್ರೆ ತೊಳೆಯುವ ಸ್ಪಂಜಲ್ಲ, ವಲ್ಕನೀಕರಿಸಿದ ರಬ್ಬರಿನದು, ಇದನ್ನು ಒದ್ದೆ ಮಾಡಲೇಬಾರದು. ಚಾವಣಿಯಿಂದ ಶುರುಮಾಡಿ, ಮೇಲಿಂದ ಕೆಳಕ್ಕೆ, ಒಂದೇ ದಿಕ್ಕಿಗೆ ನೇರ ಗೆರೆಯಾಗಿ ಎಳೆಯಿರಿ. ಒಂದು ಗೆರೆ ಇನ್ನೊಂದರ ಅಂಚನ್ನು ಮುಚ್ಚಲಿ. ಗುಂಡಗೆ ಉಜ್ಜಬೇಡಿ. ಸ್ಪಂಜಿನ ಮೈ ಕಪ್ಪಾದರೆ ಮಗ್ಗುಲು ತಿರುಗಿಸಿ, ಎಲ್ಲ ಮಗ್ಗುಲೂ ಕಪ್ಪಾದರೆ ಚಾಕುವಿನಿಂದ ತೆಳ್ಳಗೆ ಹೆರೆದು ಹೊಸ ಮೈ ತೆಗೆಯಿರಿ. ಸ್ಪಂಜು ಕಪ್ಪು ಹಿಡಿಯುವುದು ನಿಂತ ಮೇಲೆ ಮಾತ್ರ ನೀರು.

ಎಣ್ಣೆಬಣ್ಣದ ಗೋಡೆ, ಟೈಲ್ಸ್, ಗಾಜಿಗೆ 4 ಲೀಟರ್ ಉಗುರುಬೆಚ್ಚಗಿನ ನೀರಿಗೆ 4ರಿಂದ 6 ಟೇಬಲ್ ಚಮಚ ಟ್ರೈಸೋಡಿಯಂ ಫಾಸ್ಫೇಟ್ ಕಲಸಿದ ದ್ರಾವಣ ಸಾಕಾಗುತ್ತದೆ. ಕೈಗವಸು ಬೇಕು. ಒಣ ಕೆಲಸಕ್ಕೆ ತದ್ವಿರುದ್ಧವಾಗಿ ಇದನ್ನು ಕೆಳಗಿಂದ ಮೇಲಕ್ಕೆ ಹಚ್ಚಬೇಕು. ಮೇಲಿಂದ ಹಚ್ಚಿದರೆ ಇಳಿದ ಕೊಳೆನೀರು ಒಣಗೋಡೆಯ ಮೇಲೆ ಗೆರೆ ಬಿಡುತ್ತದೆ, ಆ ಗೆರೆ ಹೋಗುವುದಿಲ್ಲ. ತೊಳೆಯುವಾಗ ಮಾತ್ರ ಮೇಲಿಂದ ಕೆಳಕ್ಕೆ, ಎರಡು ಬಕೆಟ್ ಇಟ್ಟುಕೊಂಡು: ಒಂದು ದ್ರಾವಣಕ್ಕೆ, ಒಂದು ಬಟ್ಟೆ ಹಿಂಡಲು. ಒಂದು ಚದರ ಮೀಟರ್ ಮುಗಿಸಿ ಮುಂದಕ್ಕೆ ಹೋಗಿ. ಅಲ್ಯುಮಿನಿಯಂ, ಮೆರುಗೆಣ್ಣೆ ಹಚ್ಚಿದ ಮರ, ಸುಣ್ಣದ ಗೋಡೆಗೆ ಇದು ಬೇಡ. ಅಂಟುಮಸಿಗೆ ಕ್ಷಾರೀಯ ಜಿಡ್ಡುನಾಶಕ ಹಚ್ಚಿ ಕೆಲವು ನಿಮಿಷ ಬಿಟ್ಟು ಒರೆಸಬೇಕು, ಜಿಡ್ಡಿನ ಪದರಕ್ಕೆ ಕಿಣ್ವ ಇರುವ ಶುಚಿದ್ರಾವಣ ಹೊಂದುತ್ತದೆ. ಅಮೋನಿಯ ಇರುವ ಯಾವುದನ್ನೂ ಬ್ಲೀಚಿನ ಜೊತೆ ಸೇರಿಸಬೇಡಿ, ವಿಷಾನಿಲ ಬರುತ್ತದೆ. ಅಮೃತಶಿಲೆಗೆ ಹುಳಿ ಪದಾರ್ಥ ತಾಗಿಸಬೇಡಿ.

ಹಳೆಯ ಇಟ್ಟಿಗೆಗೆ, ಕೆತ್ತನೆ ಮರಕ್ಕೆ ಮರಳು ಊದಿಸುವುದನ್ನು ಯಾರು ಹೇಳಿದರೂ ಒಪ್ಪಬೇಡಿ. ಇಟ್ಟಿಗೆಯ ಗಟ್ಟಿ ಹೊರಮೈ ಒಮ್ಮೆ ಹೋದರೆ ಒಳಗಿನ ಮೆತ್ತನೆಯ ಭಾಗ ಮಳೆಗೆ ಕರಗುತ್ತದೆ. ಮರದಲ್ಲಿ ಮೆದುನಾರು ಹೋಗಿ ಗಟ್ಟಿನಾರು ಏಣಿನಂತೆ ಎದ್ದು ನಿಲ್ಲುತ್ತದೆ. ಮೈನಸ್ 78.5 ಡಿಗ್ರಿಯ ಒಣಮಂಜಿನ ಕಣ ಊದುವ ವಿಧಾನ ತೊಲೆ, ಜಂತಿಗಳಿಗೆ ಹೊಂದುತ್ತದೆ, ತೇವವೂ ಇಲ್ಲ, ಪುಡಿಯೂ ಉಳಿಯುವುದಿಲ್ಲ. ಆದರೆ ಇಂಗಾಲದ ಡೈಆಕ್ಸೈಡ್ ತುಂಬದಂತೆ ಗಾಳಿ ಬೇಕು. ಸೋಡಾಪುಡಿ ಊದುವುದು ಅಗ್ಗ, ಆದರೆ ಪುಡಿ ಪೂರ್ತಿ ತೊಳೆಯದಿದ್ದರೆ ಬಣ್ಣ ಹಿಡಿಯುವುದಿಲ್ಲ. ಕುಸುರಿ ಇದ್ದಲ್ಲಿ ಹಿತ್ತಾಳೆ ಬ್ರಷ್ಷು, ಕೈ, ತಾಳ್ಮೆ.

ವಾಸನೆ

ಸುಗಂಧ ಸಿಂಪಡಿಸಿ ವಾಸನೆ ಹೋಗಿಸಿದೆವು ಎನ್ನುವ ಕೆಲಸ ಮೊದಲ ಮಳೆಗಾಲದಲ್ಲೇ ಬಯಲಾಗುತ್ತದೆ. ತೇವ, ಸೆಖೆ ಏರಿದಾಗ ಮರ, ಗೋಡೆ ಕುಡಿದ ಹೊಗೆಯನ್ನು ಕಕ್ಕುತ್ತವೆ. ಮೊದಲು ಸುಟ್ಟ ವಸ್ತು ಹೊರಗೆ, ಆಮೇಲೆ ಮಸಿ ಶುಚಿ, ಆಮೇಲೆ ಮುಚ್ಚುವ ಲೇಪ, ಕೊನೆಗೆ ಗಾಳಿಯ ಉಪಚಾರ, ಅಂದರೆ ಗಾಳಿಯಲ್ಲಿನ ವಾಸನೆಯ ಕಣ ಒಡೆಯುವ ಓಝೋನ್ ಅಥವಾ ಹೈಡ್ರಾಕ್ಸಿಲ್ ಯಂತ್ರ. ಓಝೋನ್ ಯಂತ್ರ ನಡೆಯುವಾಗ ಮನೆಯಲ್ಲಿ ಮನುಷ್ಯರು, ಸಾಕುಪ್ರಾಣಿ, ಗಿಡ ಏನೂ ಇರಬಾರದು. ರಬ್ಬರ್, ತಂತಿಯ ಹೊದಿಕೆಯನ್ನೂ ಅದು ಕೆಡಿಸುತ್ತದೆ. ಹೈಡ್ರಾಕ್ಸಿಲ್ ಯಂತ್ರ ನಿಧಾನ, ಆದರೆ ಅಷ್ಟು ಕಠಿಣವಲ್ಲ.

ಮುಚ್ಚುವ ಲೇಪಕ್ಕೆ ಅರಗಿನ ಪ್ರೈಮರಿಗಿಂತ ಮೇಲಾದದ್ದು ಕಡಿಮೆ. ಸ್ಪಿರಿಟ್ಟಿನಲ್ಲಿ ಕರಗಿಸಿದ್ದರಿಂದ ಹಚ್ಚುವಾಗ ಅದೇ ಬೆಂಕಿಗೆ ತುತ್ತಾಗಬಲ್ಲದು, ಕಿಟಕಿ ತೆರೆದಿರಲಿ. ಮಸಿಯ ಮೇಲೆ, ಇದ್ದಿಲಿನ ಮೇಲೆ ಹಚ್ಚಿದರೆ ಸಿಪ್ಪೆಯಾಗಿ ಏಳುತ್ತದೆ. ಸುಣ್ಣದ ಗೋಡೆಗೆ ಮಾತ್ರ ಇದನ್ನು ಹಚ್ಚಕೂಡದು. ಉಸಿರಾಡುವ ಗೋಡೆಯ ಬಾಯಿ ಕಟ್ಟಿದಂತೆ ಆಗುತ್ತದೆ; ಒಳಗಿನ ನೀರು ಹೊರಬರಲು ದಾರಿ ಹುಡುಕಿ ಲೇಪವನ್ನೇ ಉಬ್ಬಿಸುತ್ತದೆ. ಅಲ್ಲಿ ವಾಸನೆ ಹಿಡಿದ ಪ್ಲಾಸ್ಟರ್ ಕೆರೆದು ಹೊಸದು ಹಾಕುವುದೇ ದಾರಿ, ಹಗುರವಾದ ವಾಸನೆಗೆ ಮೂರು ನಾಲ್ಕು ಪದರ ಸುಣ್ಣ ಬಳಿದರೆ ಸಾಕು.

ತಂತಿ, ಕೊಳವೆ

ಸಾಮಾನ್ಯ ಪಿವಿಸಿ ತಂತಿಯ ಹೊದಿಕೆ ತಾಳುವುದು 70 ಡಿಗ್ರಿ. ಬೆಂಕಿ ಬಿದ್ದ ಕೋಣೆಯ ತಂತಿಯನ್ನು ಪೂರ್ತಿ ಎಳೆದು ಹೊಸದು ಹಾಕಿ. ಉಳಿದ ಕೋಣೆಗಳಲ್ಲಿ ತಂತಿಯ ಹೊದಿಕೆ ವಿದ್ಯುತ್ತು ಸೋರದಂತೆ ತಡೆಯುತ್ತದೆಯೇ ಎಂದು ಅಳೆಯುವ 500 ವೋಲ್ಟಿನ ಮೆಗ್ಗರ್ ಪರೀಕ್ಷೆಯಲ್ಲಿ ಒಂದು ಮೆಗಾಓಮಿಗಿಂತ ಕಡಿಮೆ ಬಂದ ಮಾರ್ಗ ಬದಲಿಸಿ. ಮಸಿ ಕೂತ ಸಂದಿ ಒಣಹವೆಯಲ್ಲಿ ಪಾಸಾಗಿ ತೇವದ ದಿನ ಫೇಲಾಗುವುದುಂಟು, ಆದ್ದರಿಂದ ಎರಡು ಸಲ ಅಳೆಯಿರಿ. ಹೊಗೆ, ನೀರು ಕಂಡ ಎಂಸಿಬಿ, ಸೋರಿಕೆ ತಡೆ ಸ್ವಿಚ್ಚು ಎಲ್ಲ ಹೊಸದಾಗಲಿ. ತಾಮ್ರದ ಕೊಳವೆ ಉಳಿದರೂ ಬೆಸುಗೆ 200 ಡಿಗ್ರಿಯ ಆಸುಪಾಸಿನಲ್ಲೇ ಕರಗಿರಬಹುದು, ಒತ್ತಡ ಕೊಟ್ಟು ನೋಡಿ. ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಎಂಬ ಸಣ್ಣ ಊರು 2018ರ ನವೆಂಬರಿನಲ್ಲಿ ಸುಟ್ಟಾಗ ಅಲ್ಲಿನ ಕುಡಿಯುವ ನೀರಿನ ಜಾಲದಲ್ಲಿ ಬೆಂಜೀನ್ ಸೇರಿಕೊಂಡದ್ದು ಪತ್ತೆಯಾಯಿತು. ಬಿಸಿ ತಾಗಿದ ಪ್ಲಾಸ್ಟಿಕ್ ನೀರಿನ ಕೊಳವೆ ಇಟ್ಟುಕೊಳ್ಳಬೇಡಿ, ನೀರು ಪರೀಕ್ಷೆಯಾಗದೆ ಕುಡಿಯಬೇಡಿ. ಕುದಿಸಿದರೆ ಬೆಂಜೀನ್ ಆವಿಯಾಗಿ ಉಸಿರಿಗೆ ಸೇರುತ್ತದೆ.

ಒದ್ದೆ ಪುಸ್ತಕ, ಪತ್ರಗಳಿಗೆ ಒಂದೇ ಮಾತು: ಎರಡು ದಿನದೊಳಗೆ ಒಣಗಿಸಲಾಗದಿದ್ದರೆ ಚೀಲಕ್ಕೆ ಹಾಕಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿಡಿ. ಹೆಪ್ಪುಗಟ್ಟಿದ ನೀರನ್ನು ಗಾಳಿ ತೆಗೆದ ಕೋಣೆಯಲ್ಲಿ ನೇರ ಆವಿಯಾಗಿಸುವ ನಿರ್ವಾತ ಹಿಮಶುಷ್ಕ ವಿಧಾನದಲ್ಲಿ ತಿಂಗಳುಗಳ ಮೇಲೂ ಒಣಗಿಸಿ ಬಿಡಿಸಬಹುದು. ಒದ್ದೆ ಫೋಟೋಗಳನ್ನು ಒಂದಕ್ಕೊಂದು ಅಂಟಲು ಬಿಡಬೇಡಿ. ಶುದ್ಧ ನೀರಲ್ಲಿ ಅದ್ದಿ ಬಿಡಿಸಿ, ಮುಖ ಮೇಲೆ ಮಾಡಿ ಆರಹಾಕಿ.

ಕಟ್ಟುವ ಕೆಲಸ

ಮರದ ತೇವ ನೂರಕ್ಕೆ 18ರ ಕೆಳಗಿಳಿಯದೆ ಯಾವ ಗೋಡೆ, ಚಾವಣಿಯನ್ನೂ ಮುಚ್ಚಬೇಡಿ. ಅವಸರ ಮಾಡಿ ಮುಚ್ಚಿದ ಮನೆಯಲ್ಲಿ ತೊಲೆಯ ತುದಿಗೆ ಕೊಳೆ ಹಿಡಿದರೆ ಕಾಣಿಸುವುದು ಎರಡು ಮೂರು ವರ್ಷದ ಮೇಲೆ.

ಸುಣ್ಣದ ಗೋಡೆಗೆ ಒಂದು ಪಾಲು ಸುಣ್ಣಕ್ಕೆ ಎರಡೂವರೆಯಿಂದ ಮೂರು ಪಾಲು ಹರಳು ಹರಳಾದ ತೊಳೆದ ಮರಳು. ಒಂದು ಪದರ 10 ಮಿ.ಮೀ. ಮೀರದಿರಲಿ. ಉಗುರಿನಿಂದ ಒತ್ತಿದರೆ ಗುರುತಾಗದಷ್ಟು ಗಟ್ಟಿಯಾದ ಮೇಲೆ ಮುಂದಿನ ಪದರ. ಬಿಸಿಲು, ಗಾಳಿ ನೇರ ಬೀಳದಂತೆ ಗೋಣಿ ಇಳಿಬಿಟ್ಟು ದಿನಕ್ಕೆರಡು ಸಲ ನೀರು ಚಿಮುಕಿಸಿ. ಬೇಗ ಒಣಗಿದ ಸುಣ್ಣ ಗಟ್ಟಿಯಾಗುವುದಿಲ್ಲ, ಬಿರಿಯುತ್ತದೆ. ಹವೆ 5 ಡಿಗ್ರಿಗಿಂತ ಕೆಳಗಿದ್ದರೆ ಈ ಕೆಲಸ ಮುಂದೂಡಿ. ಗೋಡೆ ಒಣಗುತ್ತಾ ಬಿಳಿ ಉಪ್ಪು ಹೊರಬಂದರೆ ಒಣ ಬ್ರಷ್ಷಿನಿಂದ ಮಾತ್ರ ಉದುರಿಸಿ; ತೊಳೆದರೆ ಅದು ಕರಗಿ ಮತ್ತೆ ಒಳಗೇ ಹೋಗುತ್ತದೆ.

ಸಾಲುಮನೆಯಾದರೆ ಅಟ್ಟದಲ್ಲಿ ಮನೆಯಿಂದ ಮನೆಗೆ ತೆರೆದಿರುವ ಜಾಗವನ್ನು ಮಾಡಿನ ತುದಿಯವರೆಗೆ ಇಟ್ಟಿಗೆ ಕಟ್ಟಿ ಮುಚ್ಚಲು ಇದೇ ಸಮಯ. ತಂತಿ, ಕೊಳವೆ ದಾಟುವ ತೂತುಗಳಿಗೆ ಬೆಂಕಿ ತಡೆಯುವ ಮೆತ್ತುಪದಾರ್ಥ ತುಂಬಿಸಿ. ಪ್ರತಿ ಅಂತಸ್ತಿಗೆ, ಮಲಗುವ ಪ್ರತಿ ಕೋಣೆಗೆ ಹೊಗೆ ಎಚ್ಚರಿಕೆ ಗಂಟೆ ಇರಲಿ. ತಿಂಗಳಿಗೊಮ್ಮೆ ಒತ್ತಿ ನೋಡಿ, 10 ವರ್ಷಕ್ಕೆ ಬದಲಿಸಿ.

ಕೆಲಸ ಕೊಡುವ ಸಂಸ್ಥೆಯನ್ನು ಆರಿಸುವಾಗ ಬೆಲೆಗಿಂತ ಮೊದಲು ಇವನ್ನು ಕೇಳಿ: ಕೋಣೆವಾರು ಬರೆದ ಕೆಲಸದ ಪಟ್ಟಿ ಕೊಡುತ್ತೀರಾ? ದಿನದ ತೇವಾಂಶದ ಅಂಕಿ ತೋರಿಸುತ್ತೀರಾ? ಶುಚಿಯಾದ ಕೋಣೆಗೆ ಮಸಿ ಹೋಗದಂತೆ ಪ್ಲಾಸ್ಟಿಕ್ ಪರದೆ ಕಟ್ಟಿ, ಗಾಳಿಯನ್ನು ಹೊರಕ್ಕೆ ಎಳೆಯುವ ಯಂತ್ರ ಇಡುತ್ತೀರಾ? ಸುಣ್ಣದ ಗೋಡೆಗೆ ಏನು ಹಚ್ಚುತ್ತೀರಿ? ಕೊನೆಯ ಪ್ರಶ್ನೆಗೆ ಬರುವ ಉತ್ತರದಿಂದ ಹಳೆಯ ಮನೆಯ ಅನುಭವ ಇದೆಯೋ ಇಲ್ಲವೋ ತಿಳಿಯುತ್ತದೆ. ನೋಡಿದ ದಿನವೇ ಸಹಿ ಕೇಳುವವರನ್ನು, ಎರಡು ಕೋಟು ಬಣ್ಣ ಹೊಡೆದರೆ ಎಲ್ಲ ಸರಿಹೋಗುತ್ತದೆ ಎನ್ನುವವರನ್ನು ಕಳಿಸಿಬಿಡಿ.

ಸ್ಮಾರಕಗಳ ಸಂರಕ್ಷಣೆಗೆ ತಜ್ಞರು ಒಪ್ಪಿದ ಅಂತರರಾಷ್ಟ್ರೀಯ ನಿಯಮಾವಳಿ, 1964ರ ವೆನಿಸ್ ಸನ್ನದು, ಹಳೆಯ ಕಟ್ಟಡದ ಕಳೆದುಹೋದ ಭಾಗದ ಬಗ್ಗೆ ಹೇಳುವ ಮಾತು ಸಣ್ಣ ಮನೆಗೂ ಸಲ್ಲುತ್ತದೆ: ಹೊಸದು ಇಡೀ ಕಟ್ಟಡಕ್ಕೆ ಹೊಂದಬೇಕು, ಆದರೆ ಹಳೆಯದೆಂದು ಮೋಸಮಾಡಬಾರದು. ಕೂಡಿಸಿದ ಪ್ರತಿ ಹೊಸ ಮರದ ಕಾಣದ ಬದಿಗೆ ಉಳಿಯಿಂದ ವರ್ಷ ಕೆತ್ತಿಸಿ. ಗೋಡೆ ಮುಚ್ಚುವ ಮುನ್ನ ಒಳಗಿನ ತಂತಿ, ಕೊಳವೆ, ಸೇರಿಸಿದ ಪಟ್ಟಿಗಳ ಚಿತ್ರವನ್ನು ಅಳತೆಪಟ್ಟಿಯೊಡನೆ ತೆಗೆಯಿರಿ. ಆ ಚಿತ್ರಗಳು, ತೇವಾಂಶದ ಪುಸ್ತಕ, ಗಾರೆಯ ಪಾಲು, ಜರಡಿಯಲ್ಲಿ ಸಿಕ್ಕಿದ್ದರ ಪಟ್ಟಿ, ಇವುಗಳ ಒಂದು ಪ್ರತಿ ಮನೆಯ ಪತ್ರಗಳ ಜೊತೆಗಿರಲಿ, ಇನ್ನೊಂದು ಊರಿನ ಗ್ರಂಥಾಲಯಕ್ಕೆ ಅಥವಾ ದಾಖಲೆ ಸಂಗ್ರಹಕ್ಕೆ ಹೋಗಲಿ. ಅದೇ ಬೀದಿಯ ಪಕ್ಕದ ಮನೆಗೆ ಅದು ಮುಂದೆ ಬೇಕಾದೀತು.